ಆರರ ಮೇಲಿನ ನೀರು

ಬೆಳಗ್ಗೆ ಎದ್ದಾಗಿನಿಂದ ಅವಳು ಮಾತು ಕಡಿಮೆ ಮಾಡಿದ್ದಳು. ಹಲ್ಲುಜ್ಜುತ್ತಿದ್ದಾಗ ಗಂಡ ಬಾಗಿಲಾಚೆಯಿಂದ ಟವೆಲ್ ಎಲ್ಲಿದೆ ಎಂದು ಕೇಳಿದ್ದಕ್ಕೆ ಬಾಯಿ ತುಂಬ ನೊರೆ ಇಟ್ಟುಕೊಂಡೇ ‘ಊಂ’ ಎಂದಳು. ನೊರೆ ಉಗುಳಿದ ಮೇಲೂ ಉತ್ತರ ಹೇಳಲಿಲ್ಲ. ಕನ್ನಡಿಯ ಮುಂದೆ ನಿಂತು ಮೆಲ್ಲಗೆ ‘ನಮಸ್ಕಾರ’ ಎಂದು ಅಂದು ನೋಡಿದಳು. ಇನ್ನೂ ಸ್ವಲ್ಪ ಗಂಟಲೊಳಗಿಂದ, ಒಂಚೂರು ಒಡಕು ತಂದುಕೊಂಡು ಇನ್ನೊಮ್ಮೆ ಅಂದಳು. ಶೀತವಾದವರ ದನಿ. ಇದು ನಡೆಯಬಹುದು ಅನ್ನಿಸಿತು. ಮರುಕ್ಷಣವೇ ತನ್ನ ಮೇಲೆ ತನಗೇ ಹೇಸಿಗೆಯಾಗಿ, ನಲ್ಲಿಯನ್ನು ಪೂರ್ತಿ ತಿರುಗಿಸಿ ಮುಖಕ್ಕೆ ನೀರು ಎರಚಿಕೊಂಡಳು. ತಿಂಡಿಯ ಹೊತ್ತಿನಲ್ಲಿ ಅತ್ತೆ ಅವಳನ್ನೇ ನೋಡುತ್ತ, ‘ನುಂಗಿದ ತುತ್ತು ಗಂಟಲಲ್ಲೇ ನಿಂತೋರ ಥರ ಕೂತಿದೀಯಲ್ಲೇ, ಏನಾಯ್ತು?’ ಎಂದರು. ‘ಗಂಟಲು ಸರಿ ಇಲ್ಲ ಅತ್ತೆ’ ಎಂದಳು. ಪೂರ್ತಿ ಸುಳ್ಳೂ ಅಲ್ಲ. ಇಪ್ಪತ್ತೇಳು ದಿನಗಳಿಂದ ಸರಿ ಇರಲಿಲ್ಲ. ಇವತ್ತು ಹತ್ತೂವರೆಗೆ ಪ್ರವಾಹದ ವಿಚಾರಣೆ; ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ‘ಯಂತ್ರ ಕೆಟ್ಟಿದ್ದಕ್ಕೆ ನೀನೇನು ಮಾಡೋಕಾಗುತ್ತೆ, ಹೋಗಿ ಹೇಳಿ ಬಾ’ ಎಂದು ಗಂಡ ಅವಳ ಚೀಲಕ್ಕೆ ಊಟದ ಡಬ್ಬಿ ತುರುಕಿದ. ಯಂತ್ರ ಕೆಟ್ಟಿತ್ತು ಎಂದು ಅವನಿಗೆ ಹೇಳಿದವಳು ಅವಳೇ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನದಿ ಕಾಣದ ಕಡೆಗೆ ಮುಖ ಮಾಡಿ ಕೂತಳು. ಅವಳ ಕೆಲಸ ನದಿಯದೇ ಆದರೂ ಆರು ವರ್ಷಗಳಲ್ಲಿ ನದಿಯ ಹತ್ತಿರ ಹೋದದ್ದು ಎರಡೋ ಮೂರೋ ಸಲ. ಸೇತುವೆಯ ಅಡಿಯಲ್ಲಿ ಕೂರಿಸಿದ ಯಂತ್ರ ಹದಿನೈದು ನಿಮಿಷಕ್ಕೊಮ್ಮೆ ನೀರಿನ ಎತ್ತರ ಅಳೆದು ಕಳಿಸುತ್ತಿತ್ತು. ಅವಳ ಪಾಲಿಗೆ ನದಿ ಎಂದರೆ ಆ ಸಂಖ್ಯೆಗಳ ಉದ್ದನೆಯ ಸಾಲು. ಸಾಲನ್ನು ಗೆರೆಯಾಗಿಸಿ ಪರದೆಗೆ ಹಾಕುವುದು, ನೀರು ಬೇಗ ಬೇಗ ಏರಿದರೆ ಎಚ್ಚರಿಕೆ ಹೋಗುವಂತೆ ಮಾಡುವುದು, ಏರುವುದು ನಿಂತರೆ ‘ನದಿ ಸ್ಥಿರ’ ಎಂಬ ಸಂದೇಶ ಹೋಗುವಂತೆ ಮಾಡುವುದು ಅವಳು ಬರೆದ ಪ್ರೋಗ್ರಾಮಿನ ಕೆಲಸ. ಆದರೆ ಯಂತ್ರಕ್ಕೆ ಆಗಾಗ ಹುಚ್ಚು ಕೆದರುತ್ತಿತ್ತು. ಅದರ ಕೆಳಗೆ ಹಕ್ಕಿ ಕೂತರೆ ತೊಂಬತ್ತೊಂಬತ್ತು ಮೀಟರ್ ಎನ್ನುವುದು, ತಂತಿ ಅಲ್ಲಾಡಿದರೆ ಸೊನ್ನೆಗಿಂತಲೂ ಕಡಿಮೆ ಎನ್ನುವುದು. ಮೇಲಿನವರೆಲ್ಲ ಬಂದು ಕೂತಿದ್ದ ದಿನವೇ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಗೆರೆ ನೆಟ್ಟಗೆ ಎದ್ದು ಚೌಕಟ್ಟಿನಾಚೆ ಹೋಯಿತು. ಅವಳ ಕಚೇರಿಯ ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ‘ನಮ್ಮ ನದಿ ಆಕಾಶಕ್ಕೇ ಏಣಿ ಹಾಕಿದೆಯಲ್ಲಮ್ಮಾ! ಹತ್ತಿ ಇಳಿಸ್ಕೊಂಡು ಬರ್ತೀಯೋ?’ ಎಂದರು. ಬಂದವರು ನಕ್ಕರು, ಅವರು ನಕ್ಕರೆಂದು ಕಚೇರಿಯವರೂ ನಕ್ಕರು. ಅವಳೂ ನಕ್ಕಳು. ನಕ್ಕದ್ದೇ ಆಮೇಲೆ ಹೆಚ್ಚು ನೋಯಿಸಿತು. ಅವತ್ತು ಮಧ್ಯಾಹ್ನ ಊಟಕ್ಕೂ ಹೋಗದೆ ಒಂದೇ ಒಂದು ಸಾಲು ಸೇರಿಸಿದಳು. ಸೊನ್ನೆಗಿಂತ ಕಡಿಮೆ ಬಂದದ್ದೆಲ್ಲ ಸೊನ್ನೆ. ಆರಕ್ಕಿಂತ ಹೆಚ್ಚು ಬಂದದ್ದೆಲ್ಲ ಆರು. ನಡುವಿನದು ಇದ್ದ ಹಾಗೇ. ಈ ಕೆಲಸಕ್ಕೆಂದೇ ಸಿದ್ಧವಾದ ಪದವೊಂದಿದೆ, ಕ್ಲಿಪ್ ಎಂದು. ಕಲಿಯುವಾಗ ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ. ನಲವತ್ತು ವರ್ಷಗಳಲ್ಲಿ ನೀರು ಐದೂವರೆ ದಾಟಿದ ದಾಖಲೆ ಇರಲಿಲ್ಲ, ಆರು ಎಂದರೆ ಧಾರಾಳವಾಯಿತು. ಗೆರೆ ಅವತ್ತೇ ಸಾಧುವಾಯಿತು. ‘ಈಗ ನೋಡು, ಎಷ್ಟು ಲಕ್ಷಣವಾಗಿದೆ’ ಎಂದರು ಸಾಹೇಬರು.

ಹುಚ್ಚು ಸಂಖ್ಯೆ ಬಂದಾಗ ಆ ಜಾಗವನ್ನು ಖಾಲಿ ಬಿಡಬಹುದಿತ್ತು. ಆ ಯೋಚನೆ ಆಗಲೂ ಬಂದಿತ್ತು. ಬಂದಿರಲಿಲ್ಲ ಎಂದು ಹೇಳಿಕೊಳ್ಳಲು ಈ ಇಪ್ಪತ್ತೇಳು ದಿನ ಮಾಡಿದ ಪ್ರಯತ್ನ ಕೈಗೂಡಿರಲಿಲ್ಲ. ಖಾಲಿ ಬಿಟ್ಟರೆ ಗೆರೆಯಲ್ಲಿ ತೂತು ಬೀಳುತ್ತದೆ, ತೂತು ಬಿದ್ದರೆ ಯಾರಾದರೂ ಕೇಳುತ್ತಾರೆ. ಆರು ಎಂದು ಬರೆದರೆ ಯಾರೂ ಕೇಳುವುದಿಲ್ಲ. ಬಸ್ಸು ತಿರುವಿನಲ್ಲಿ ವಾಲಿದಾಗ ಕೆಳಗಿನ ಬೀದಿ ಕಾಣಿಸಿತು, ಅವಳು ಕಣ್ಣು ಮುಚ್ಚುವಷ್ಟರಲ್ಲಿ ಕಂಡೇಬಿಟ್ಟಿತು. ಗೋಡೆಗಳ ಮೇಲೆ ಎದೆಯೆತ್ತರಕ್ಕೆ ಕೆಸರಿನ ಗುರುತು. ಪ್ರವಾಹದ ನಾಲ್ಕನೆಯ ದಿನ ಅವಳು ಯಾರಿಗೂ ಹೇಳದೆ ಆ ಬೀದಿಗೆ ಹೋಗಿದ್ದಳು. ಮೂರನೆಯ ಮನೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಹೊಲಿಗೆ ಯಂತ್ರವನ್ನು ಬಿಸಿಲಿಗಿಟ್ಟುಕೊಂಡು ಎಣ್ಣೆಯಲ್ಲಿ ಹತ್ತಿ ಅದ್ದಿ ಅದರ ಸಂದುಸಂದು ಒರೆಸುತ್ತಿದ್ದಳು. ‘ನಿಮ್ಮದಾ?’ ಎಂದು ಕೇಳಿದ್ದಕ್ಕೆ ‘ಅಕ್ಕನದು’ ಎಂದಳು. ಅಕ್ಕ ಬೀದಿಯ ಇತರರ ಜೊತೆ ಮೇಲಿನ ಶಾಲೆಗೆ ಹೋಗಿ ಕೂತಿದ್ದವಳು. ಹನ್ನೆರಡೂವರೆಗೆ ನದಿ ಸ್ಥಿರ, ಗಾಬರಿ ಬೇಡ ಎಂದು ಧ್ವನಿವರ್ಧಕದಲ್ಲಿ ಕೂಗಿದ ಮೇಲೆ, ಹೊಲಿದಿಟ್ಟ ಬಟ್ಟೆಗಳನ್ನಾದರೂ ಎತ್ತಿಡುತ್ತೇನೆ ಎಂದು ವಾಪಸು ಬಂದಿದ್ದಳು. ಒಂದೂ ಹತ್ತಕ್ಕೆ ನೀರು ತಡೆಗೋಡೆ ಹಾರಿತು. ಬೀದಿಯಲ್ಲಿ ಸತ್ತವಳು ಅವಳೊಬ್ಬಳೇ. ಒಬ್ಬಳೇ ಎಂದು ಪತ್ರಿಕೆಯವರೂ ಬರೆದರು, ಸಾಹೇಬರೂ ಹೇಳಿದರು, ಏನೋ ಉಳಿತಾಯವಾದ ಹಾಗೆ.

ವಿಚಾರಣೆಯ ಕಟ್ಟಡದ ಓಣಿಯಲ್ಲಿ ಒಂದೇ ಬೆಂಚು. ಅದರ ತುದಿಯಲ್ಲಿ, ಬೆನ್ನು ಗೋಡೆಗೆ ತಾಗದ ಹಾಗೆ, ಮಡಿಕೆ ಬಿದ್ದ ಬಿಳಿ ಅಂಗಿಯ ಒಬ್ಬರು ಕೂತಿದ್ದರು. ನೋಡಿದ ಕೂಡಲೇ ಗೊತ್ತಾಯಿತು. ಕಚೇರಿಯಲ್ಲಿ ಎಲ್ಲರೂ ಅವರನ್ನು ಕೋಲಣ್ಣ ಎನ್ನುತ್ತಿದ್ದರು. ಸೇತುವೆಯ ಕಂಬಕ್ಕೆ ಬಡಿದ ಅಳತೆಗೋಲನ್ನು ದಿನಕ್ಕೆ ಮೂರು ಸಲ ನೋಡಿ ಪುಸ್ತಕದಲ್ಲಿ ಬರೆಯುವುದು ಅವರ ನೌಕರಿ. ಯಂತ್ರ ಬಂದ ಮೇಲೆ ಆ ಪುಸ್ತಕವನ್ನು ಯಾರೂ ತೆರೆಯುತ್ತಿರಲಿಲ್ಲ, ತಿಂಗಳಿಗೊಮ್ಮೆ ಬಂದು ಕಪಾಟು ಸೇರುತ್ತಿತ್ತು. ಈಗ ವರದಿಯ ಕರಡಿನಲ್ಲಿ ಅವರ ಬಗ್ಗೆ ಒಂದು ವಾಕ್ಯವಿತ್ತು: ಯಂತ್ರ ಕೈಕೊಟ್ಟಾಗ ತಿಳಿಸಬೇಕಾಗಿದ್ದ ವ್ಯಕ್ತಿ ಸಕಾಲದಲ್ಲಿ ತಿಳಿಸಲಿಲ್ಲ. ಆ ವಾಕ್ಯ ಉಳಿದರೆ ಮೂವತ್ತೊಂದು ವರ್ಷದ ಕೆಲಸವೂ ಪಿಂಚಣಿಯೂ ಹೋಗುತ್ತವೆ. ಬೇರೆ ಜಾಗವಿಲ್ಲದೆ ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಅವರು ಅವಳ ಕಡೆ ತಿರುಗಿ, ‘ಒಳಗೆ ಕರೆಯೋಕೆ ಇನ್ನೂ ಹೊತ್ತಿದೆಯೇನಮ್ಮಾ?’ ಎಂದರು. ಅವಳು ಗೊತ್ತಿಲ್ಲ ಎಂಬಂತೆ ತಲೆಯಾಡಿಸಿ, ಬೆರಳಿನಿಂದ ಗಂಟಲು ತೋರಿಸಿದಳು.

‘ಓ, ಗಂಟಲು ಕೂತಿದೆಯಾ’ ಎಂದು ಅವರು ಎದ್ದೇಬಿಟ್ಟರು. ಬೇಡ ಎನ್ನಲು ದನಿ ಬೇಕಿತ್ತು. ಓಣಿಯ ಕೊನೆಯಲ್ಲಿದ್ದ ನೀರಿನ ಯಂತ್ರದ ಮುಂದೆ ಯಾವ ಗುಂಡಿ ಒತ್ತುವುದೆಂದು ಹುಡುಕುತ್ತ ನಿಂತರು, ತಪ್ಪಿ ತಣ್ಣೀರು ಬಂದದ್ದನ್ನು ಚೆಲ್ಲಿದರು, ಮತ್ತೆ ಹಿಡಿದರು. ಕಾಗದದ ಲೋಟದ ಅಂಚನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ತುಳುಕದಂತೆ ನಡೆದು ಬಂದು, ‘ಸುಡ್ತದೆ, ನಿಧಾನ’ ಎಂದರು. ಅವಳು ಕುಡಿದಳು. ನಾಲಿಗೆ ಸುಟ್ಟಿತು, ಸುಡಲಿ ಎಂದು ಇನ್ನೊಂದು ಗುಟುಕು ಕುಡಿದಳು. ಪ್ರವಾಹದ ದಿನದ ಫೋನು ಮತ್ತೆ ಕಿವಿಯಲ್ಲಿ ಶುರುವಾಯಿತು. ಅದಕ್ಕೆ ಹೊತ್ತುಗೊತ್ತು ಇರಲಿಲ್ಲ. ಹನ್ನೆರಡೂ ಇಪ್ಪತ್ತು. ಸಾಹೇಬರು ಮೇಲಿನ ಮಹಡಿಯಲ್ಲಿ ಸಭೆಯಲ್ಲಿದ್ದರು. ಫೋನು ಎಲ್ಲರಿಗಿಂತ ಅವಳಿಗೆ ಹತ್ತಿರವಿತ್ತು, ಅಷ್ಟೇ.

‘ಮೇಡಂ, ಸೇತುವೆ ಹತ್ರದಿಂದ ಮಾತಾಡ್ತಿರೋದು. ನೀರು ಆರೂವರೆ ದಾಟ್ತು.’

‘ಇಲ್ಲಿ ಆರು ಅಂತ ಇದೆ.’

‘ಆರೂವರೆ ಮೇಡಂ. ಕೋಲು ನೋಡ್ಕೊಂಡೇ ಬಂದೆ ಈಗ.’

‘ನೋಡಿ, ಯಂತ್ರ ಮಿಲಿಮೀಟರಲ್ಲಿ ಅಳೆಯುತ್ತೆ. ನೀವು ದಡದಲ್ಲಿ ನಿಂತು ಬಗ್ಗಿ ನೋಡ್ತೀರ. ಅಲೆ ನೋಡಿ ಗಾಬರಿ ಬಿದ್ದಿರ್ತೀರ. ಕನ್ನಡಕ ಒರೆಸ್ಕೊಂಡು ಇನ್ನೊಂದ್ಸಲ ನೋಡಿ, ಆಯ್ತಾ?’

ಆ ‘ಆಯ್ತಾ’ ಎಂಬುದನ್ನು ಅವಳು ಎಳೆದು ಹೇಳಿದ್ದಳು, ಮಗುವಿಗೆ ಹೇಳುವ ಹಾಗೆ. ಪಕ್ಕದ ಮೇಜಿನವನು ಕಿಸಕ್ಕನೆ ನಕ್ಕ. ಆ ನಗು ಅವಳಿಗೆ ಹಿತವಾಗಿತ್ತು, ಫೋನಿಟ್ಟ ಮೇಲೂ ಒಂದು ಗಳಿಗೆ ಅವಳ ತುಟಿಯ ಮೇಲೆ ಉಳಿದಿತ್ತು. ಸಂಖ್ಯೆಯನ್ನು ಆರಕ್ಕೆ ಕಟ್ಟಿಹಾಕಿದ್ದು ತಾನೇ ಎಂಬುದು ಆಗ ಅವಳ ತಲೆಗೆ ಬಂದಿರಲಿಲ್ಲವೇ? ಬಂದಿರಲಿಲ್ಲ. ಎಂಟು ತಿಂಗಳ ಹಿಂದಿನ ಒಂದು ಸಾಲು. ಆದರೆ ಹನ್ನೆರಡಕ್ಕೆ ಆರು, ಹನ್ನೆರಡೂ ಕಾಲಿಗೆ ಆರು, ಹನ್ನೆರಡೂವರೆಗೂ ಆರು ಎಂದು ನೂಲು ಹಿಡಿದಂತೆ ನೇರವಾಗಿ ಹೋದ ಗೆರೆಯನ್ನು ನೋಡಿದಾಗ ಅವಳ ಕೈ ಕೀಲಿಮಣೆಯ ಮೇಲೆ ಒಂದು ಗಳಿಗೆ ನಿಂತಿತ್ತು. ಯಾವ ನದಿ ಹಾಗೆ ನಿಲ್ಲುತ್ತದೆ? ಅಷ್ಟರಲ್ಲಿ ಪ್ರೋಗ್ರಾಮು ‘ನದಿ ಸ್ಥಿರ’ ಎಂದು ಕಳಿಸಿಯಾಗಿತ್ತು. ಅವಳು ಡಬ್ಬಿ ತೆಗೆದುಕೊಂಡು ಊಟಕ್ಕೆ ಎದ್ದಿದ್ದಳು. ಸಾಲಿನ ವಿಷಯ ಮರುದಿನ ಸಾಹೇಬರಿಗೆ ಹೇಳಿದಳು. ಅವರು ಬಾಗಿಲು ಹಾಕಿ ಬಂದು, ‘ಅದನ್ನ ತೆಗೆದುಬಿಡು. ಯಂತ್ರ ಆರಕ್ಕೆ ಸಿಕ್ಕಿಹಾಕ್ಕೊಂಡಿತ್ತು, ಅಷ್ಟೇ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳ್ಬೇಕು, ತಿಳೀತಾ?’ ಎಂದರು. ಫೋನಿನ ವಿಷಯ ಅವರಿಗೂ ಹೇಳಲಿಲ್ಲ. ಸಾಲು ತಪ್ಪು ಎನ್ನಬಹುದು, ಯಾರಿಂದಲಾದರೂ ಆಗುವಂಥ ತಪ್ಪು. ಫೋನಿಗೆ ಯಾವ ಹೆಸರೂ ಸಿಕ್ಕಿರಲಿಲ್ಲ.

ಒಳಗಿನಿಂದ ಕರೆ ಬಂತು, ಇಬ್ಬರಿಗೂ ಒಟ್ಟಿಗೆ. ಹೀಗೆ ಒಟ್ಟಿಗೆ ಕರೆಯುತ್ತಾರೆಂದು ಅವಳು ಎಣಿಸಿರಲಿಲ್ಲ. ವಿಚಾರಣೆಯ ಅಧಿಕಾರಿ ಮೋಟು ಕೂದಲಿನ ಹೆಂಗಸು, ಅವರ ಮುಂದೆ ಕಾಗದ, ಪೆನ್ಸಿಲ್ ಬಿಟ್ಟರೆ ಏನೂ ಇರಲಿಲ್ಲ. ಸಾಹೇಬರು ಆಗಲೇ ಪಕ್ಕದ ಕುರ್ಚಿಯಲ್ಲಿದ್ದರು, ಅವಳ ಕಡೆ ನೋಡಿ ಕಣ್ಣು ಮಿಟುಕಿಸಿದರು. ಕೋಲಣ್ಣನಿಗೆ ಕೂರಿ ಎಂದು ಎರಡು ಸಲ ಹೇಳಬೇಕಾಯಿತು.

‘ಹನ್ನೆರಡೂ ಇಪ್ಪತ್ತಕ್ಕೆ ನೀರು ಆರೂವರೆ ದಾಟಿದ್ದು ಕಂಡಿರಿ. ಬೀದಿಗೆ ಓಡಿಹೋಗಿ ಬಾಗಿಲು ಬಡಿದಿದ್ದು ಒಂದು ಗಂಟೆಗೆ. ಈ ನಲವತ್ತು ನಿಮಿಷ ಏನು ಮಾಡ್ತಿದ್ರಿ?’

‘ಫೋನ್ ಮಾಡಿದೆ ಅಮ್ಮಾ.’

‘ಫೋನಿಗೆ ಎರಡು ನಿಮಿಷ. ಉಳಿದದ್ದು?’

ಅವರು ತಮ್ಮ ಅಂಗೈ ನೋಡಿಕೊಂಡರು. ‘ಫೋನ್ ಮಾಡಿದ್ದೆ’ ಎಂದೇ ಮತ್ತೆ ಹೇಳಿದರು.

‘ಯಾರು ಎತ್ತಿದ್ರು?’

‘ಒಬ್ಬರು ಹೆಣ್ಣುಮಗಳು. ಹೆಸರು ಕೇಳ್ಲಿಲ್ಲ.’

ಸಾಹೇಬರು ಕೈ ಚೆಲ್ಲಿದರು. ‘ಅವತ್ತು ಕಚೇರಿಗೆ ನೂರು ಫೋನ್ ಬಂದಿವೆ. ಇವರ ಫೋನ್ ಮಾತ್ರ ಯಾರಿಗೂ ನೆನಪಿಲ್ಲ. ಬರೆದಿಟ್ಟ ಪುಸ್ತಕ ಕೇಳಿದ್ರೆ ಅದೂ ನೀರಲ್ಲಿ ಹೋಯ್ತಂತೆ. ಒಳ್ಳೇ ಕಥೆ.’

ಅಧಿಕಾರಿ ಅವಳ ಕಡೆ ತಿರುಗಿದರು. ಹನ್ನೆರಡರಿಂದ ಯಂತ್ರ ಕೊಟ್ಟ ಸಂಖ್ಯೆಗಳನ್ನು ಗಟ್ಟಿಯಾಗಿ ಓದಿ ಎಂದರು. ಅವಳ ಮುಂದೆ ಹಾಳೆಯಿತ್ತು. ಬೆಳಗ್ಗೆ ಅಭ್ಯಾಸ ಮಾಡಿದ ಒಡಕು ದನಿಯಲ್ಲಿ ಶುರುಮಾಡಿದಳು. ಆರು. ಆರು. ಆರು. ಸುಟ್ಟ ನಾಲಿಗೆ ಪ್ರತಿ ಸಲವೂ ಹಲ್ಲಿಗೆ ತಾಗಿ ಉರಿಯುತ್ತಿತ್ತು. ಕೋಣೆ ಬಿಸಿಯಾಗಿತ್ತು, ಫ್ಯಾನು ತಿರುಗುತ್ತಿದ್ದರೂ ಅವಳ ಕುತ್ತಿಗೆಯ ಹಿಂದೆ ಬೆವರಿಳಿಯಿತು. ಆರು. ಆರು. ಅವಳ ಮಗಳು ಎರಡನೇ ತರಗತಿಯಲ್ಲಿ ಮಗ್ಗಿ ಮರೆತು ಒಂದೇ ಸಂಖ್ಯೆಯನ್ನು ಹೇಳುತ್ತ ನಿಂತಿದ್ದಳಂತೆ, ಟೀಚರು ಗಮನಿಸುವವರೆಗೂ. ಅಧಿಕಾರಿ ಪೆನ್ಸಿಲ್ ಎತ್ತಿ ತಡೆದು, ‘ಒಂದು ಗಂಟೆಗೂ ಆರೇನಾ? ಹತ್ತು ನಿಮಿಷದಲ್ಲಿ ನೀರು ಗೋಡೆ ಹಾರಿದೆಯಲ್ಲ?’ ಎಂದರು. ಆ ಪ್ರಶ್ನೆಯನ್ನು ಅವಳು ತಾಲೀಮು ಮಾಡಿರಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು, ಯೋಚಿಸದೆ, ತನ್ನದೇ ದನಿಯಲ್ಲಿ ಅಂದುಬಿಟ್ಟಳು: ‘ಇಲ್ಲಿ ಆರು ಅಂತ ಇದೆ.’

ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು. ನೋಡಬಾರದೆಂದುಕೊಂಡೇ ನೋಡಿದಳು. ಕೋಲಣ್ಣ ಅವಳ ಮುಖವನ್ನಲ್ಲ, ಬಾಯಿಯನ್ನು ನೋಡುತ್ತಿದ್ದರು.

‘ಇದೇ ದನಿ’ ಎಂದರು.

‘ಏನಂದ್ರಿ?’

‘ಫೋನಲ್ಲಿ ಮಾತಾಡಿದ್ದು ಇವರೇ ಅಮ್ಮಾ. ಇದೇ ಮಾತು ಅಂದ್ರು.’

ಸಾಹೇಬರು ನಕ್ಕರು, ಏಣಿಯ ದಿನದ ಅದೇ ನಗು. ‘ಅಲ್ಲಯ್ಯಾ, ಹೊರಗೆ ಒಂದೇ ಬೆಂಚಲ್ಲಿ ಅರ್ಧ ಗಂಟೆ ಕೂತಿದ್ರಲ್ಲ, ಆಗ ಗುರುತು ಸಿಗಲಿಲ್ವೇನಯ್ಯಾ? ಈಗ ಸಿಕ್ತಾ?’

‘ಆಗ ಇವರು ಮಾತಾಡ್ಲಿಲ್ಲ ಸಾರ್. ಗಂಟಲು ಕೂತಿದೆ ಅಂತ ಸನ್ನೆ ಮಾಡಿದ್ರು.’

ಅದನ್ನು ಹೇಳುವಾಗಲೂ ಅವರ ಮಾತಿನಲ್ಲಿ ಆರೋಪವಿರಲಿಲ್ಲ. ಕೇಳಿದ್ದಕ್ಕೆ ಕಂಡದ್ದನ್ನು ಹೇಳಿದರು, ಅಷ್ಟೇ. ಹೇಳಿಯಾದ ಮೇಲೆ, ಮಾತು ಮುಗಿದ ಒಂದು ಗಳಿಗೆಯ ನಂತರ, ಅದರ ಅರ್ಥ ಅವರಿಗೇ ಆಯಿತು. ಮುಖದ ಬಣ್ಣ ಬದಲಾದದ್ದನ್ನು ಅವಳು ಕಂಡಳು. ಅಧಿಕಾರಿ ಪೆನ್ಸಿಲ್ ಕೆಳಗಿಟ್ಟರು. ಸಾಹೇಬರು ಇನ್ನೂ ನಗುತ್ತಿದ್ದರು. ಇಲ್ಲ ಎಂದರೆ ಮುಗಿಯಿತು, ಒಂದು ಪದ. ದನಿಗೆ ಸಾಕ್ಷಿ ಎಲ್ಲಿಂದ ತರುತ್ತಾರೆ? ಬಡವನ ಸಿಟ್ಟು ದವಡೆಗೆ ಮೂಲ ಎಂದು ಸಾಹೇಬರು ಓಣಿಯಲ್ಲಿ ಹೇಳಿ ನಗುತ್ತಾರೆ, ತಾನು ಮತ್ತೊಮ್ಮೆ ಜೊತೆಯಲ್ಲಿ ನಗಬೇಕಾಗುತ್ತದೆ. ಮನೆ, ಮಗಳ ಶಾಲೆ, ಗಂಡ ಡಬ್ಬಿ ತುರುಕಿದ ಕೈ, ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ಆ ತೂಕದಲ್ಲೇ ಎದ್ದು ನಿಂತಳು. ಏಕೆ ನಿಂತಳೆಂದು ಆಮೇಲೆಯೂ ಅವಳಿಗೆ ಸರಿಯಾಗಿ ತಿಳಿಯಲಿಲ್ಲ. ಕೂತು ಹೇಳಲು ಆಗುವುದಿಲ್ಲ ಅನ್ನಿಸಿತ್ತು.

‘ಫೋನ್ ಎತ್ತಿದ್ದು ನಾನೇ. ಅವರು ಆರೂವರೆ ಅಂದ್ರು. ಕನ್ನಡಕ ಒರೆಸ್ಕೊಂಡು ನೋಡಿ ಅಂತ ಹೇಳ್ದೆ.’

‘ಏನಮ್ಮಾ ಇದು!’ ಎಂದರು ಸಾಹೇಬರು. ‘ಯಂತ್ರ ಕೆಟ್ಟು ಆರಕ್ಕೆ ನಿಂತಿದ್ದಾಗ ಈಕೆಯಾದ್ರೂ...’

‘ಯಂತ್ರ ಕೆಟ್ಟಿರ್ಲಿಲ್ಲ ಸಾರ್. ಯಂತ್ರಾನೂ ಆರೂವರೆ ಅಂತಲೇ ಹೇಳಿತ್ತು. ಇಬ್ಬರೂ ಸರಿಯಾಗೇ ಹೇಳಿದ್ರು. ಆರು ಅಂದೋಳು ನಾನೊಬ್ಬಳೇ.’

ಲ್ಯಾಪ್‌ಟಾಪ್ ಚೀಲದಿಂದ ತೆಗೆದು ತೆರೆಯುವಾಗ ಗುಪ್ತಪದ ಎರಡು ಸಲ ತಪ್ಪಾಯಿತು. ಯಂತ್ರ ಕಳಿಸಿದ ಮೂಲ ಸಂಖ್ಯೆಗಳು ಅದರ ನೆನಪಿನಲ್ಲಿ ಹಾಗೇ ಉಳಿದಿದ್ದವು. ಎಲ್ಲಿವೆ ಎಂದು ಗೊತ್ತಿದ್ದವಳು ಅವಳೊಬ್ಬಳು, ನೋಡಲು ಧೈರ್ಯವಿರಲಿಲ್ಲವಾಗಿ ಅವಳೂ ಒಂದೇ ಸಲ ನೋಡಿದ್ದಳು. ಪರದೆಯನ್ನು ಮೇಜಿನ ನಡುವಿಗೆ ತಿರುಗಿಸಿದಳು. ಹನ್ನೆರಡಕ್ಕೆ 6.21. ಕಾಲು ಗಂಟೆಯ ನಂತರ 6.52. ಆಮೇಲೆ 6.81, 7.13, 7.40. ಅಧಿಕಾರಿ ಒಂದೊಂದನ್ನೂ ಹಾಳೆಗೆ ಇಳಿಸಿಕೊಳ್ಳುತ್ತಿದ್ದಂತೆ ಕೋಲಣ್ಣ ಕುರ್ಚಿಯಿಂದ ಎದ್ದು ಬಂದು ಬಗ್ಗಿ ನಿಂತರು. ತುಟಿ ಅಲ್ಲಾಡಿಸುತ್ತ ಓದಿದರು. ‘ಇಲ್ಲಿ ಐವತ್ತೆರಡಿದೆ, ನಾನು ಐವತ್ತು ಬರೆದಿದ್ದೆ’ ಎಂದರು, ಯಾರಿಗೂ ಅಲ್ಲ. ಆಮೇಲೆ ಅಧಿಕಾರಿಯ ಕಡೆಗಲ್ಲದೆ ನೇರವಾಗಿ ಅವಳ ಕಡೆಗೇ ತಿರುಗಿದರು.

‘ಆ ನಲವತ್ತು ನಿಮಿಷ ಏನು ಮಾಡ್ತಿದ್ದೆ ಅಂತ ಮನೇಲೂ ಹೇಳಿಲ್ಲ ನಾನು. ಕೋಲು ನೋಡ್ತಿದ್ದೆ ಮೇಡಂ. ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಿ. ಕನ್ನಡಕ ಒರೆಸಿ ನೋಡ್ದೆ, ತೆಗೆದು ನೋಡ್ದೆ. ಏಳು ಕಾಣ್ತಿತ್ತು. ಏಳು ಇರೋಕೆ ಸಾಧ್ಯ ಇಲ್ಲ, ಯಂತ್ರ ಆರು ಅಂತದೆ, ನಂಗೆ ವಯಸ್ಸಾಯ್ತು ಅಂದ್ಕೊಂಡೆ. ಮೂವತ್ತೊಂದು ವರ್ಷ ಓದಿದ ಕೋಲು. ಅವತ್ತು ಅದು ನಂಗೆ ಓದೋಕೆ ಬರ್ಲಿಲ್ಲ.’

ಸಾಹೇಬರು ತಮ್ಮ ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ಅದರ ಬೆನ್ನನ್ನು ನೋಡುತ್ತಿದ್ದರು. ಅಧಿಕಾರಿ ಕರಡು ವರದಿಯ ಆ ವಾಕ್ಯದ ಮೇಲೆ ಗೆರೆ ಎಳೆದು, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು. ‘ಇವತ್ತಿನಿಂದ ನೀವು ಯಂತ್ರ ಮುಟ್ಟೋ ಹಾಗಿಲ್ಲ. ಕಾಗದ ಮನೆಗೆ ಬರುತ್ತೆ’ ಎಂದು ಅವಳಿಗೆ ಹೇಳಿದರು. ‘ಆ ಸಾಲಿನ ವಿಷಯ ಮೊದಲೇ ಯಾರಿಗಾದ್ರೂ ಹೇಳಿದ್ರಾ?’ ಎಂದು ಕೇಳಿದಾಗ, ಹೇಳಿದ್ದೆ ಎಂದಳು. ಯಾರಿಗೆ ಎಂದಾಗ ಸಾಹೇಬರ ಕಡೆ ಕೈ ತೋರಿಸಿದಳು.

ಹೊರಗೆ ಮೆಟ್ಟಿಲ ಮೇಲೆ ಬಿಸಿಲು ಕಣ್ಣಿಗೆ ಹೊಡೆಯಿತು. ಹಗುರಾದೇನು ಎಂದುಕೊಂಡಿದ್ದಳು, ಆಗಿರಲಿಲ್ಲ. ಗಂಡನಿಗೆ ಹೇಳುವುದು ಬಾಕಿಯಿತ್ತು, ಅತ್ತೆಗೆ, ಹೊಲಿಗೆ ಯಂತ್ರ ಒರೆಸುತ್ತಿದ್ದ ಆ ತಂಗಿಗೆ. ಕೋಲಣ್ಣ ಮುಂದೆ ಮುಂದೆ ಹೋಗುತ್ತಿದ್ದರು. ಅವಳು ಹತ್ತಿರ ಹೋಗಿ ‘ಕ್ಷಮಿಸಿ’ ಎಂದಳು.

‘ನನ್ನನ್ನ ಯಾಕೆ ಕೇಳ್ತೀರಿ’ ಎಂದರು ನಡೆಯುತ್ತಲೇ. ‘ಕೇಳ್ಬೇಕಾದೋಳು ಇಲ್ಲ. ನನಗೆ ಎರಡು ಗಂಟೆಗೆ ಅಳತೆ ಇದೆ, ಹೊತ್ತಾಯ್ತು.’

ಬರಬೇಡಿ ಎನ್ನಲಿಲ್ಲ. ಅವಳು ನಾಲ್ಕು ಹೆಜ್ಜೆ ಹಿಂದಿನಿಂದಲೇ ಹೋದಳು. ಸೇತುವೆಯ ಪಕ್ಕದ ಮೆಟ್ಟಿಲುಗಳಲ್ಲಿ ಒಣಗಿದ ಕೆಸರು ಇನ್ನೂ ಇತ್ತು. ನದಿ ಕೆಳಗೆ, ಎಲ್ಲೋ ಕೆಳಗೆ, ಕಂದುಬಣ್ಣದಲ್ಲಿ, ಯಾವ ಗೆರೆಯ ಹಾಗೂ ಇಲ್ಲದೆ ಹರಿಯುತ್ತಿತ್ತು. ಅವರು ಹೊಸ ಪುಸ್ತಕ ತೆಗೆದು, ತೊಡೆಯ ಮೇಲಿಟ್ಟುಕೊಂಡು, ತಾರೀಖು ಬರೆದರು. ಆಮೇಲೆ ಪೆನ್ನು ಹಿಡಿದೇ, ‘ಎಷ್ಟಿದೆ ನೋಡಿ ಹೇಳಿ’ ಎಂದರು.

ಅವಳು ಬಗ್ಗಿದಳು. ಕಪ್ಪು ಬಿಳಿ ಪಟ್ಟೆಗಳ ಮೇಲೆ ನೀರು ನಿಲ್ಲುತ್ತಲೇ ಇರಲಿಲ್ಲ. ಎರಡು ಮೀಟರಿನ ಮೇಲೆ ಹದಿನೆಂಟು ಎನ್ನುವಷ್ಟರಲ್ಲಿ ಹತ್ತಕ್ಕೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಬಹಳ ಹೊತ್ತು ನೋಡಿದಳು. ಕುತ್ತಿಗೆ ನೋಯಿತು. ‘ಎರಡು ಮೀಟರ್ ಹದಿನಾಲ್ಕು’ ಎಂದಳು ಕೊನೆಗೆ, ‘ಅನ್ಸುತ್ತೆ.’

ಕೋಲಣ್ಣ ಬರೆಯಲಿಲ್ಲ. ಎದ್ದು ಬಂದು, ಅವಳ ಪಕ್ಕದಲ್ಲೇ ಕಂಬಿ ಹಿಡಿದು ಬಗ್ಗಿ, ಉಸಿರು ಬಿಗಿಹಿಡಿದು ನೋಡಿದರು. ಒಂದು ಅಲೆ ಹೋಗಿ ಇನ್ನೊಂದು ಬರುವವರೆಗೆ, ಅದೂ ಹೋಗಿ ಮತ್ತೊಂದು ಬರುವವರೆಗೆ. ಹಿಂತಿರುಗಿ ಕೂತು, ಎರಡು ಮೀಟರ್ ಹನ್ನೊಂದು ಎಂದು ಬರೆದುಕೊಂಡರು.